6 ಸಾವಿರ ವರ್ಷದ ಭೂಮಿ, 45 ಕೋಟಿ ವರ್ಷದ ಕಲ್ಲು

ಅಮೆರಿಕದ ಸಿನ್ಸಿನಾಟಿಗೆ ಊರಿನಿಂದ ಯಾರಾದರೂ ಬಂದರೆ ಎಲ್ಲಿಗೆ ಕರೆದೊಯ್ಯುವುದು ಎಂಬ ಮಾತಿನಲ್ಲಿ ಕ್ರಿಯೇಷನ್ ಮ್ಯೂಸಿಯಂ ಹೆಸರು ಬಂದೇ ಬರುತ್ತದೆ. ಓಹಾಯೋ ನದಿ ದಾಟಿ ಕೆಂಟಕಿ ರಾಜ್ಯಕ್ಕೆ ಹೋದರೆ, ವಿಮಾನ ನಿಲ್ದಾಣದಿಂದ ಸ್ವಲ್ಪ ಪಶ್ಚಿಮಕ್ಕೆ, ಪೀಟರ್ಸ್‌ಬರ್ಗ್ ಎಂಬಲ್ಲಿದೆ. ಆಸ್ಟ್ರೇಲಿಯಾದಿಂದ ಬಂದ ಕೆನ್ ಹ್ಯಾಮ್ ಮುಂದಾಳತ್ವದ ‘ಆನ್ಸರ್ಸ್ ಇನ್ ಜೆನೆಸಿಸ್’ ಸಂಸ್ಥೆ ಸುಮಾರು 2.7 ಕೋಟಿ ಡಾಲರ್ ಹಾಕಿ 2007ರ ಮೇ ತಿಂಗಳಲ್ಲಿ ಇದನ್ನು ತೆರೆಯಿತು. ಇಲ್ಲಿಗೆ ಬಂದಿದ್ದ ಅಪ್ಪನನ್ನೂ ಮಗಳನ್ನೂ ಕರೆದುಕೊಂಡು ನಾನೂ ಹೋದೆ.

ಬೈಬಲಿನ ಆದಿಕಾಂಡದಲ್ಲಿರುವುದು ಕಥೆಯಲ್ಲ, ಸಂಕೇತವೂ ಅಲ್ಲ, ನಡೆದ ಇತಿಹಾಸ ಎಂಬುದು ಈ ಮ್ಯೂಸಿಯಂನ ನಿಲುವು. 24 ಗಂಟೆಗಳ ಆರು ದಿನಗಳಲ್ಲಿ ದೇವರು ಎಲ್ಲವನ್ನೂ ಸೃಷ್ಟಿಸಿದ. ಭೂಮಿಗೆ ಸುಮಾರು 6 ಸಾವಿರ ವರ್ಷ. ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಹೀಗೆ ಲೆಕ್ಕ ಹಾಕುವುದು ಹಳೆಯ ಪದ್ಧತಿ. 17ನೇ ಶತಮಾನದ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಸೃಷ್ಟಿಯ ವರ್ಷ ಕ್ರಿ.ಪೂ. 4004 ಎಂದು ಗೊತ್ತುಮಾಡಿದ್ದರು.

ಒಳಗಿನ ಕೆಲಸ ಮಾತ್ರ ಬಹಳ ಅಚ್ಚುಕಟ್ಟು. ಏದೆನ್ ತೋಟದಲ್ಲಿ ಆದಾಮ, ಹವ್ವ, ಮರಗಿಡ, ನೀರು, ಜೊತೆಗೆ ಡೈನೋಸಾರ್‌ಗಳು. ನೋಹನ ನಾವೆ, ಜಲಪ್ರಳಯ, ತಾರಾಲಯ, ಹೊರಗೆ ಒಂಟೆಗಳು. ಮಕ್ಕಳು ಕದಲುವುದೇ ಇಲ್ಲ. ಕೊಲರಾಡೊದಲ್ಲಿ ಸಿಕ್ಕ ಅಲೋಸಾರಸ್ ಎಂಬ ಡೈನೋಸಾರ್‌ನ ನಿಜವಾದ ಅಸ್ಥಿಪಂಜರವೂ ಇದೆ. ಭೂವಿಜ್ಞಾನಿಗಳು ಅದನ್ನು ಸುಮಾರು 15 ಕೋಟಿ ವರ್ಷ ಹಳೆಯದು ಎನ್ನುತ್ತಾರೆ. ಇಲ್ಲಿ ಅದು ನೋಹನ ಕಾಲದ ಪ್ರಳಯದಲ್ಲಿ ಸತ್ತ ಪ್ರಾಣಿ.

ಇಷ್ಟು ಬುದ್ಧಿವಂತರು ಆ 6 ಸಾವಿರವನ್ನೇ ಯಾಕೆ ಹಿಡಿದು ಕೂತಿದ್ದಾರೆ ಎಂಬ ಪ್ರಶ್ನೆ ನನಗೆ ಮೊದಲಿನಿಂದ ಇತ್ತು. ಉತ್ತರ ಅಲ್ಲಿನ ಫಲಕಗಳಲ್ಲೇ ಸಿಕ್ಕಿತು. ಅವರ ಪ್ರಕಾರ ಆದಾಮ ಪಾಪ ಮಾಡುವವರೆಗೆ ಜಗತ್ತಿನಲ್ಲಿ ಸಾವೇ ಇರಲಿಲ್ಲ, ಪ್ರಾಣಿಗಳೆಲ್ಲ ಸಸ್ಯಾಹಾರಿಗಳು. ಪಾಪದಿಂದ ಸಾವು ಬಂತು, ಆ ಸಾವಿನಿಂದ ಬಿಡಿಸಲು ಕ್ರಿಸ್ತ ಬಂದ. ಮನುಷ್ಯನಿಗಿಂತ ಕೋಟ್ಯಂತರ ವರ್ಷ ಮೊದಲೇ ಜೀವಿಗಳು ಹುಟ್ಟಿ ಸತ್ತಿದ್ದರೆ ಈ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ ಎಂಬುದು ಅವರ ಭಯ. ಇದು ಮೌಢ್ಯದಿಂದ ಹುಟ್ಟಿದ್ದಲ್ಲ, ತಾವು ತುಂಬ ಪ್ರೀತಿಸುವ ಒಂದನ್ನು ಕಳೆದುಕೊಂಡೇವೆಂಬ ಆತಂಕದಿಂದ ಹುಟ್ಟಿದ್ದು. ಅದು ಅರ್ಥವಾದ ಮೇಲೆ ನನಗೆ ಅವರ ಬಗ್ಗೆ ಗೌರವ ಕಡಿಮೆಯಾಗಲಿಲ್ಲ, ದುಃಖ ಮಾತ್ರ ಹೆಚ್ಚಾಯಿತು.

ಯಾಕೆಂದರೆ ಆ ಕಟ್ಟಡ ನಿಂತಿರುವ ನೆಲವೇ ಬೇರೆ ಮಾತು ಹೇಳುತ್ತದೆ. ಸಿನ್ಸಿನಾಟಿ ಸುತ್ತಲಿನ ಸುಣ್ಣದಕಲ್ಲು ಆರ್ಡೊವಿಶಿಯನ್ ಯುಗದ್ದು, ಸುಮಾರು 45 ಕೋಟಿ ವರ್ಷ ಹಿಂದಿನ ಆಳವಿಲ್ಲದ ಸಮುದ್ರದ ತಳ. ಹೆದ್ದಾರಿಗಾಗಿ ಗುಡ್ಡ ಕಡಿದ ಕಡೆಯೆಲ್ಲ ಚಿಪ್ಪುಗಳು, ಬ್ರಯೊಜೋವನ್ ಎಂಬ ಪುಟ್ಟ ಸಮುದ್ರಜೀವಿಗಳ ಗುಂಪುಗಳು, ಅಲ್ಲಲ್ಲಿ ಟ್ರೈಲೊಬೈಟ್ ಎಂಬ ಅಳಿದುಹೋದ ಸಮುದ್ರಜೀವಿಯ ಪಳೆಯುಳಿಕೆ ಕಾಣುತ್ತವೆ. ಡೈನೋಸಾರ್ ಒಂದೂ ಇಲ್ಲ, ಮನುಷ್ಯನ ಮೂಳೆಯಂತೂ ಇಲ್ಲವೇ ಇಲ್ಲ. ಒಂದೇ ಪ್ರಳಯದಲ್ಲಿ ಎಲ್ಲ ಕಲಸಿಹೋಗಿದ್ದರೆ ಇಷ್ಟು ಶಿಸ್ತಾಗಿ ಬೇರೆಬೇರೆ ಪದರಗಳಲ್ಲಿ ಯಾಕೆ ಕೂರುತ್ತಿದ್ದವು? ಕೆಂಟಕಿಯ ಇದೇ ಯುಗದ ಪದರಗಳ ನಡುವೆ ಜ್ವಾಲಾಮುಖಿ ಬೂದಿಯ ತೆಳು ಪಟ್ಟಿಗಳಿವೆ. ಆ ಬೂದಿಯ ಜಿರ್ಕಾನ್ ಹರಳುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿ ಬದಲಾಗಿದೆ ಎಂದು ಅಳೆದು ವಯಸ್ಸು ತೆಗೆಯುತ್ತಾರೆ. ಆ ಅಳತೆಗೆ ಹಿಂದೂ ಮುಸ್ಲಿಂ ಕ್ರೈಸ್ತ ಎಂಬ ಭೇದವಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತು ಅಪ್ಪ ಹೇಳಿದರು: ‘ಇವರದ್ದು ಆರು ಸಾವಿರ. ನಮ್ಮ ಒಂದು ಕಲ್ಪವೇ 432 ಕೋಟಿ ವರ್ಷ. ವಿಜ್ಞಾನಕ್ಕೆ ಹತ್ತಿರ ನಮ್ಮದೇ ಕಣೋ.’

ಭೂಮಿಗೆ ಸುಮಾರು 454 ಕೋಟಿ ವರ್ಷ, ಹಾಗಾಗಿ ಕೇಳಲು ಹಿತವಾಗಿಯೇ ಇದೆ. ಊರಿನಲ್ಲಿ, ಇಲ್ಲಿನ ಕನ್ನಡ ಕೂಟಗಳಲ್ಲಿ ಈ ಮಾತು ಎಷ್ಟೋ ಸಲ ಕೇಳಿದ್ದೇನೆ. ನಾನು ಕೇಳಿದೆ: ‘ಅಪ್ಪ, ಪಂಚಾಂಗದ ಲೆಕ್ಕದಲ್ಲಿ ಈ ಶ್ವೇತವರಾಹ ಕಲ್ಪ ಶುರುವಾಗಿ ಎಷ್ಟು ವರ್ಷ ಆಯ್ತು?’

‘ಏಳನೇ ಮನ್ವಂತರ ನಡೀತಿದೆ. ಸುಮಾರು 197 ಕೋಟಿ.’

‘ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ ಅಂತಾರಲ್ಲ?’

ಅಪ್ಪ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. ‘ಹಾಗಾದ್ರೆ ಪೂಜೆಗೆ ಮುಂಚೆ ಈ ಕಲ್ಪದ ಹೆಸರು ಹಿಡಿದು ಸಂಕಲ್ಪ ಹೇಳೋದು ಬಿಡಬೇಕಾ?’ ಎಂದರು. ಬೇಡ ಅಪ್ಪ, ಖಂಡಿತ ಬೇಡ. ಅನಂತ ಕಾಲದ ಒಂದು ಮೂಲೆಯಲ್ಲಿ ನಿಂತು ನಾನು ಇಂಥವನು, ಈ ಹೊತ್ತು ಈ ಪೂಜೆಗೆ ಕೂತಿದ್ದೇನೆ ಎಂದು ಹೇಳಿಕೊಳ್ಳುವ ವಿನಯ ಅದರಲ್ಲಿದೆ. ಅದಕ್ಕೆ ಪ್ರಯೋಗಾಲಯದ ಮುದ್ರೆ ಬೇಕಿಲ್ಲ. ಮುದ್ರೆ ಕೇಳಲು ಹೋದರೆ ನಾವೂ ಇಂಥದ್ದೇ ಒಂದು ಮ್ಯೂಸಿಯಂ ಕಟ್ಟಬೇಕಾಗುತ್ತದೆ.

ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ. ಇಂದು ನಾವು ಬಿಗ್ ಬ್ಯಾಂಗ್ ಎನ್ನುವ ವಿಚಾರಕ್ಕೆ 1931ರಲ್ಲಿ ಬುನಾದಿ ಹಾಕಿದವರು. 1951ರಲ್ಲಿ ಪೋಪ್ 12ನೇ ಪಯಸ್ ಆ ಸಿದ್ಧಾಂತವನ್ನು ಸೃಷ್ಟಿಕರ್ತನಿಗೆ ಸಾಕ್ಷಿ ಎಂಬಂತೆ ಎತ್ತಿ ಆಡಿದಾಗ ಅವರಿಗೆ ಅದು ಹಿಡಿಸಲಿಲ್ಲ. ತಮ್ಮ ಗಣಿತ ತಪ್ಪಾದರೆ ದೇವರೂ ತಪ್ಪಾಗಬಾರದು, ಸರಿಯಾದರೂ ಅದು ದೇವರಿಗೆ ಪುರಾವೆಯಲ್ಲ ಎಂಬಷ್ಟು ಸ್ಪಷ್ಟತೆ ಆ ಪಾದ್ರಿಗಿತ್ತು. ಅವರ ಭಕ್ತಿಯನ್ನು ಯಾರೂ ಸಂಶಯಪಡಲಾರರು.

ಮ್ಯೂಸಿಯಂ ನೋಡಲು ಬಂದ ಮಕ್ಕಳ ಚಿಂತೆ ನನ್ನನ್ನು ಬಿಟ್ಟಿಲ್ಲ. ‘ಮನುಷ್ಯನ ಬುದ್ಧಿ’ ಒಂದು ಕಡೆ, ‘ದೇವರ ವಾಕ್ಯ’ ಇನ್ನೊಂದು ಕಡೆ, ಯಾವುದು ಬೇಕೋ ಆರಿಸಿಕೋ ಎಂದು ಅವರಿಗೆ ಹೇಳಲಾಗುತ್ತದೆ. ಆ ಮಗು ದೊಡ್ಡದಾಗಿ ಭೂವಿಜ್ಞಾನದ ತರಗತಿಯಲ್ಲಿ ಕೂತ ದಿನ, ಕಲ್ಲಿನ ವಯಸ್ಸು ನಿಜ ಎಂದು ಗೊತ್ತಾದ ದಿನ, ಅಜ್ಜಿ ಕಲಿಸಿದ ಪ್ರಾರ್ಥನೆಯನ್ನೂ ಬಿಟ್ಟುಬಿಡಬೇಕೇ?

ಈ ಕಡೆ ಬರುವವರು ಮ್ಯೂಸಿಯಂ ನೋಡಬೇಡಿ ಎನ್ನಲಾರೆ. ನೋಡಿ, ಆದರೆ ಇನ್ನೊಂದು ದಿನ ಓಹಾಯೋದ ಸೀಸರ್ ಕ್ರೀಕ್ ಕೆರೆಗೂ ಹೋಗಿ. ಅಲ್ಲಿನ ಸಂದರ್ಶಕರ ಕೇಂದ್ರದಲ್ಲಿ ಪುಕ್ಕಟೆ ಪರವಾನಗಿ ಪಡೆದು ಅಣೆಕಟ್ಟಿನ ಕೋಡಿಯ ಬಯಲಿನಲ್ಲಿ ಪಳೆಯುಳಿಕೆ ಹುಡುಕಬಹುದು. ಸುತ್ತಿಗೆ ಉಳಿ ಒಯ್ಯುವ ಹಾಗಿಲ್ಲ, ಸಿಕ್ಕಿದ್ದನ್ನು ಮಾರುವ ಹಾಗಿಲ್ಲ, ಅಂಗೈಯಲ್ಲಿ ಹಿಡಿಸುವಷ್ಟನ್ನು ಮಾತ್ರ ಮನೆಗೆ ತರಬಹುದು. ಬಿಸಿಲಿಗೆ ಟೋಪಿ ಇರಲಿ, ನೆರಳು ಕಡಿಮೆ.