ಸುಲಭ ಪಿಯಾನೊ ಕೃತಿಗಳ ರೆಕಾರ್ಡಿಂಗ್ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ

ನಾನು ಪಿಯಾನೊ ಕಲಿಸುತ್ತೇನೆ ಎಂದು ತಿಳಿದವರೆಲ್ಲ ಇಂದಲ್ಲ ನಾಳೆ ಕೇಳುವ ಪ್ರಶ್ನೆ ಇದು: “ಈಗಷ್ಟೇ ಕಲಿಯುತ್ತಿರುವವರು ನುಡಿಸಬಹುದಾದ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳ ರೆಕಾರ್ಡಿಂಗ್ ಎಲ್ಲಿ ಸಿಗುತ್ತದೆ? ಒಳ್ಳೆಯದೊಂದು ಲಿಂಕ್ ಇದ್ದರೆ ಕಳಿಸಿಬಿಡಿ.” ಬಾಯಲ್ಲಿ ಉತ್ತರಿಸಿ ನನಗೆ ಸಾಕಾಗಿದೆ. ಅಂಥ ಒಂದು ಲಿಂಕ್ ಇಲ್ಲ. ರೆಕಾರ್ಡಿಂಗ್‌ಗಳಿಗೆ ಮಾತ್ರ ಯಾವ ಕೊರತೆಯೂ ಇಲ್ಲ. ಕಲಿಯುವವರಿಗೆಂದು ಬರೆದ ಪ್ರಸಿದ್ಧ ಸಂಕಲನಗಳನ್ನೆಲ್ಲ ಒಳ್ಳೆಯ ಪಿಯಾನೊ ವಾದಕರು ಮೊದಲಿನಿಂದ ಕೊನೆಯವರೆಗೆ ನುಡಿಸಿಟ್ಟಿದ್ದಾರೆ. ಅವು ನಿಮ್ಮ ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ನೀವು ಹುಡುಕುವ ರೀತಿ.

“ಸುಲಭ ಪಿಯಾನೊ ಸಂಗೀತ” ಎಂದು ಬರೆದು ಹುಡುಕಿದರೆ ನಿದ್ದೆಗೆ, ಓದಿಗೆ, ಧ್ಯಾನಕ್ಕೆ ಎಂದು ಒಟ್ಟುಗೂಡಿಸಿದ ಗಂಟೆಗಟ್ಟಲೆಯ ಸಂಕಲನಗಳು ಬರುತ್ತವೆ. ಇಲ್ಲವೇ ಮೇಲಿನಿಂದ ಬಣ್ಣದ ಪಟ್ಟಿಗಳು ಉದುರುತ್ತ ಯಾವ ಕೀಲಿಯನ್ನು ಒತ್ತಬೇಕೆಂದು ತೋರಿಸುವ ವಿಡಿಯೊಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು ಕಂಪ್ಯೂಟರ್ ಉತ್ಪಾದಿಸಿದ ಧ್ವನಿಯೇ ಆಗಿದ್ದು, ಸಂಗೀತದ ವಾಕ್ಯದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವ ಯಾರೂ ಅದರ ಹಿಂದೆ ಇರುವುದಿಲ್ಲ. ಕಲಿಯುವವರ ಕಿವಿಗೆ ಮೊದಲು ಬೀಳುವುದು ಇದಾಗಬಾರದು ಎಂಬುದರಲ್ಲಿ ನನಗೆ ರಾಜಿಯಿಲ್ಲ.

ಹುಡುಕಬೇಕಾದದ್ದು ಸಂಯೋಜಕರ ಹೆಸರು, ಸಂಕಲನದ ಹೆಸರು, ಓಪಸ್ ಸಂಖ್ಯೆ (ಸಂಯೋಜಕರ ಪ್ರಕಟಿತ ಕೃತಿಗೆ ಕೊಟ್ಟ ಸಂಖ್ಯೆ), ಅದರೊಳಗಿನ ಕ್ರಮಸಂಖ್ಯೆ. ಇವು ನಾಲ್ಕೂ ಸಾಮಾನ್ಯವಾಗಿ ನಿಮ್ಮ ಮುಂದಿರುವ ಪುಸ್ತಕದ ಪುಟದಲ್ಲೇ ಅಚ್ಚಾಗಿರುತ್ತವೆ, ಆದರೂ ಅವನ್ನು ಓದಿ ಬಂದು ಕೇಳುವವರು ತೀರ ಕಡಿಮೆ. “ಜಿ ಮೇಜರ್ ಮಿನುಯೆಟ್” (ಜಿ ಸ್ವರವನ್ನು ಆಧಾರವಾಗಿಟ್ಟ, ಮೂರೆಣಿಕೆಯ ಹಳೆಯ ನೃತ್ಯ) ಎಂದಷ್ಟೇ ಹೇಳಿದರೆ ಯಾವ ಮಿನುಯೆಟ್ ಎಂದು ನಾನು ತಿಳಿಯಲಿ? ಬಾಖ್ ಅವರು ಪತ್ನಿ ಆನ್ನಾ ಮಾಗ್ಡಲೇನಾಗಾಗಿ 1725ರಲ್ಲಿ ಆರಂಭಿಸಿದ ಪುಸ್ತಕದಲ್ಲಿಯೇ ಆ ಶ್ರುತಿಯ ಮಿನುಯೆಟ್ ಒಂದಕ್ಕಿಂತ ಹೆಚ್ಚು ಇವೆ. ಬೇಥೋವನ್ ಅವರದೊಂದು ಪ್ರಸಿದ್ಧವಾಗಿದೆ, ಪಾದೆರೆವ್‌ಸ್ಕಿಯವರ ಓಪಸ್ 14ರಲ್ಲಿರುವುದಂತೂ ಆರಂಭದ ಹಂತದವರ ಕೈಗೆ ನಿಲುಕುವಂಥದ್ದೇ ಅಲ್ಲ. ಎಲ್ಲ ಮಕ್ಕಳೂ ನುಡಿಸುವ ಆ ಮಿನುಯೆಟ್ ಬಾಖ್ ಕೃತಿಸೂಚಿಯ ಅನುಬಂಧದಲ್ಲಿ 114ನೆಯದು, ಮತ್ತು ಅದು ಬಾಖ್ ಅವರ ರಚನೆಯಲ್ಲ. ಡ್ರೆಸ್ಡನ್ನಿನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರದೆಂದು 1970ರ ದಶಕದಲ್ಲಿ ಗುರುತಿಸಲಾಯಿತು. ಹಳೆಯ ರೆಕಾರ್ಡಿಂಗ್‌ಗಳ ಮೇಲೆ ಬಾಖ್ ಎಂದೂ ಹೊಸ ಕೆಲವುಗಳ ಮೇಲೆ ಪೆಟ್ಸೋಲ್ಡ್ ಎಂದೂ ಇರುವುದರಿಂದ ಎರಡೂ ಹೆಸರುಗಳಲ್ಲಿ ಹುಡುಕಬೇಕು.

ಈ ಮಿನುಯೆಟ್‌ನ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಫೋನ್ ಮಾಡಿ, ಮನೆಯ ಪಿಯಾನೊ ಕೆಟ್ಟುಹೋಗಿದೆ, ಶ್ರುತಿ ಮಾಡುವವರನ್ನು ಕರೆಸಿದರೆ ಅವರು ಎಲ್ಲ ಸರಿಯಿದೆ ಎನ್ನುತ್ತಿದ್ದಾರೆ, ಯಾರನ್ನು ನಂಬಬೇಕು ಎಂದು ಕೇಳಿದರು. ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು ಎಂದೆ. “ರೆಕಾರ್ಡಿಂಗ್ ಜೊತೆ ಹೊಂದುತ್ತಿಲ್ಲ ಮೇಡಂ. ಅದರಲ್ಲಿ ನುಡಿಸಿದವರು ದೊಡ್ಡ ಕಲಾವಿದರು, ಅವರದು ತಪ್ಪಾಗಲು ಸಾಧ್ಯವೇ?” ಎಂದರು. ಅವರು ಹುಡುಕಿ ತಂದದ್ದು ಪಿಯಾನೊಗಿಂತ ಹಳೆಯ ಕೀಲಿವಾದ್ಯವಾದ ಹಾರ್ಪ್ಸಿಕಾರ್ಡ್‌ನಲ್ಲಿ ನುಡಿಸಿದ ರೆಕಾರ್ಡಿಂಗ್. ಆ ಕಾಲದ ಸಂಗೀತವನ್ನು ಹಳೆಯ ಮಾದರಿಯ ವಾದ್ಯಗಳಲ್ಲಿ ನುಡಿಸುವವರು ಶ್ರುತಿಗೆ ಆಧಾರವಾದ ಎ ಸ್ವರವನ್ನು ಹೆಚ್ಚಾಗಿ 415 ಹರ್ಟ್ಸ್‌ಗೆ (ಸೆಕೆಂಡಿಗೆ 415 ಕಂಪನ) ಇಟ್ಟುಕೊಳ್ಳುತ್ತಾರೆ, ನಮ್ಮ ಪಿಯಾನೊಗಳಲ್ಲಿ ಅದು 440. ವ್ಯತ್ಯಾಸ ಸುಮಾರು ಅರ್ಧ ಸ್ವರದಷ್ಟು, ಅಂದರೆ ಪಕ್ಕದ ಒಂದು ಕೀಲಿಯಷ್ಟು. ಜಿ ಮೇಜರ್‌ನ ಕೃತಿ ನಮ್ಮ ಕಿವಿಗೆ ಎಫ್ ಶಾರ್ಪ್ ಮೇಜರ್‌ನಲ್ಲಿ ಕೇಳಿಸುತ್ತದೆ. ವಾದ್ಯ ಸರಿಯಿತ್ತು, ರೆಕಾರ್ಡಿಂಗ್ ಸರಿಯಿತ್ತು, ಪಕ್ಕದಲ್ಲಿ ಸುಮ್ಮನೆ ಕಾಯುತ್ತ ನಿಂತಿದ್ದ ಶ್ರುತಿಗಾರರೂ ಸರಿಯಾಗಿಯೇ ಹೇಳಿದ್ದರು.

ಸಿಟ್ಟು ಬಂದದ್ದು ಆ ತಂದೆಗೆ ಇದು ತಿಳಿದಿರಲಿಲ್ಲ ಎಂಬುದಕ್ಕಲ್ಲ. ಮುಂದಿನ ಪಾಠಕ್ಕೆ ಬಂದ ಆ ಹುಡುಗಿ ಮೊದಲ ಸಾಲನ್ನು ಕಪ್ಪು ಕೀಲಿಗಳ ಮೇಲೆ, ಪ್ರತಿ ಸ್ವರವನ್ನೂ ಅರ್ಧ ಸ್ವರ ಕೆಳಗಿಳಿಸಿ, ತಡವರಿಸುತ್ತ ನುಡಿಸಿದಳು. ರೆಕಾರ್ಡಿಂಗ್‌ಗೆ ಹೊಂದಿಕೆಯಾಗುವಂತೆ ತಾನೇ ಹುಡುಕಿಕೊಂಡಿದ್ದಳು. ಯಾರೂ ಹೇಳಿಕೊಡದೆ ಒಂದು ಮಗು ಒಂದು ಶ್ರುತಿಯಿಂದ ಇನ್ನೊಂದಕ್ಕೆ ರಾಗವನ್ನು ಸಾಗಿಸಿತ್ತು! ಮನೆಯಲ್ಲಿ ಅವಳಿಗೆ ಸಿಕ್ಕಿದ್ದು “ಪುಸ್ತಕದಲ್ಲಿರುವಂತೆ ನುಡಿಸುತ್ತಿಲ್ಲ” ಎಂಬ ಮಾತು. ಅಷ್ಟು ಒಳ್ಳೆಯ ಕಿವಿ ಆ ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಎಲ್ಲರ ಗಮನವೂ ರೆಕಾರ್ಡಿಂಗ್ ಮತ್ತು ವಾದ್ಯದ ನಡುವಿನ ಜಗಳದ ಮೇಲಿತ್ತು. ಹಾರ್ಪ್ಸಿಕಾರ್ಡ್ ಬೇಡ ಎಂದು ನಾನು ಹೇಳುವುದಿಲ್ಲ, ಅದರಲ್ಲಿ ಕೇಳುವುದರಿಂದ ನೃತ್ಯದ ನಡೆ ಬಹಳ ಸ್ಪಷ್ಟವಾಗುತ್ತದೆ. ಆದರೆ ತಂತಿಯನ್ನು ಮೀಟುವ ಆ ವಾದ್ಯದಲ್ಲಿ ಬೆರಳಿನ ಒತ್ತಡದಿಂದ ಸ್ವರವನ್ನು ಜೋರು ಮೆತ್ತಗೆ ಮಾಡಲು ಆಗುವುದಿಲ್ಲವಾದ್ದರಿಂದ, ಪಿಯಾನೊ ಕಲಿಯುವವರು ಪಿಯಾನೊದಲ್ಲಿ ನುಡಿಸಿದ್ದನ್ನೂ ಕೇಳಬೇಕು.

ಇನ್ನು ಕೆಲವರ ಸಂಶಯ: ಇಷ್ಟು ಸಣ್ಣ ಕೃತಿಗಳನ್ನು ದೊಡ್ಡವರು ಯಾಕೆ ನುಡಿಸುತ್ತಾರೆ? ಸೋವಿಯತ್ ಪಿಯಾನೊ ವಾದಕ ಎಮಿಲ್ ಗಿಲೆಲ್ಸ್ 1974ರಲ್ಲಿ, ನಾರ್ವೆಯ ಸಂಯೋಜಕ ಗ್ರೀಗ್ ಅವರ ಸಣ್ಣ ಪಿಯಾನೊ ಕೃತಿಗಳ ಮಾಲೆ ಲಿರಿಕ್ ಪೀಸಸ್‌ನಿಂದ ಆಯ್ದು ಡಾಯ್ಚ ಗ್ರಾಮೊಫೋನ್ ಸಂಸ್ಥೆಗೆ ಮಾಡಿದ ರೆಕಾರ್ಡಿಂಗನ್ನು ಕೇಳಿ. ಅದರ ಮೊದಲ ಕೃತಿ ಓಪಸ್ 12ರ ಮೊದಲನೆಯದಾದ ‘ಅರಿಯೆಟ್ಟಾ’. ಕೆಲವು ವರ್ಷ ಕಲಿತವರು ನುಡಿಸಬಲ್ಲ, ಒಂದೇ ಹಾಳೆಯಲ್ಲಿ ಮುಗಿಯುವ ರಚನೆ ಅದು. ವಾದ್ಯವೃಂದದೊಡನೆ ಅತ್ಯಂತ ಕಠಿಣ ಕನ್ಚೆರ್ಟೊಗಳನ್ನು ನುಡಿಸುತ್ತಿದ್ದ ಕೈಗಳು ಆ ಒಂದು ಹಾಳೆಗೆ ಎಷ್ಟು ಶ್ರದ್ಧೆ ಕೊಟ್ಟಿವೆ ಎಂದು ಕೇಳಿದ ಮೇಲೂ ಈ ಸಂಶಯ ಉಳಿಯುವುದಾದರೆ ನನ್ನಲ್ಲಿ ಬೇರೆ ಉತ್ತರವಿಲ್ಲ. ಗ್ರೀಗ್ ಅವರಿಗೂ ಆ ರಾಗ ಸಣ್ಣದೆನಿಸಿರಲಿಲ್ಲ. 1867ರಲ್ಲಿ ಈ ಮಾಲೆಯನ್ನು ಆರಂಭಿಸಿದ ರಾಗವನ್ನೇ 1901ರ ಕೊನೆಯ ಪುಸ್ತಕದ ಕೊನೆಯ ಕೃತಿಯಲ್ಲಿ ವಾಲ್ಟ್ಸ್ ನೃತ್ಯದ ರೂಪದಲ್ಲಿ ಮತ್ತೆ ತಂದರು.

ಷೂಮಾನ್ ಅವರ ‘ಆಲ್ಬಮ್ ಫಾರ್ ದ ಯಂಗ್’ 1848ರದು, ಓಪಸ್ 68, ಒಟ್ಟು 43 ಕೃತಿಗಳು. ಮೊದಲ 18 ಚಿಕ್ಕವರಿಗೆ, ಉಳಿದವು ಸ್ವಲ್ಪ ಬೆಳೆದವರಿಗೆ. ಷೂಮಾನ್ ಅವರ ಪಿಯಾನೊ ಕೃತಿಗಳನ್ನೆಲ್ಲ ರೆಕಾರ್ಡ್ ಮಾಡಿದ ಯೋರ್ಗ್ ಡೇಮುಸ್ ಅಂಥವರ ಸಂಗ್ರಹದಲ್ಲಿ ಇದೂ ಪೂರ್ತಿಯಾಗಿ ಸಿಗುತ್ತದೆ. ಇಲ್ಲಿ ಕ್ರಮಸಂಖ್ಯೆ ಬೇಕೇ ಬೇಕು, ಏಕೆಂದರೆ ಈ ಪುಸ್ತಕದ ಮೂರು ಕೃತಿಗಳಿಗೆ ಹೆಸರೇ ಇಲ್ಲ, ಹೆಸರಿನ ಜಾಗದಲ್ಲಿ ಮೂರು ನಕ್ಷತ್ರಗಳಿವೆ ಅಷ್ಟೆ. 21, 26, 30 ಎಂದು ಸಂಖ್ಯೆ ಹಿಡಿದೇ ಅವನ್ನು ಹುಡುಕಬೇಕು. ಷೂಮಾನ್ ಮಾದರಿಯನ್ನು ಅನುಸರಿಸಿ ಚೈಕೋವ್‌ಸ್ಕಿ 1878ರಲ್ಲಿ ಬರೆದ ‘ಮಕ್ಕಳ ಆಲ್ಬಮ್’, ಓಪಸ್ 39ರಲ್ಲಿ, ಇದಕ್ಕೆ ವಿರುದ್ಧವಾದ ತೊಂದರೆ. ಅದರ 24 ಕೃತಿಗಳ ಕ್ರಮ ಹಸ್ತಪ್ರತಿಯಲ್ಲಿ ಒಂದು, ಅಚ್ಚಾದ ಪುಸ್ತಕದಲ್ಲಿ ಇನ್ನೊಂದು, ಹಾಗಾಗಿ ಅಲ್ಲಿ ಹೆಸರನ್ನೂ ನೋಡಿಕೊಳ್ಳಬೇಕು. ಬಾರ್ಟೋಕ್ ಅವರ ‘ಫಾರ್ ಚಿಲ್ಡ್ರನ್’ ಮೊದಲು 85 ಕೃತಿಗಳಾಗಿದ್ದು, 1940ರ ದಶಕದ ಪರಿಷ್ಕರಣೆಯಲ್ಲಿ 79 ಆಯಿತು. ನಿಮ್ಮ ಪುಸ್ತಕ ಒಂದು ಆವೃತ್ತಿಯದು, ರೆಕಾರ್ಡಿಂಗ್ ಇನ್ನೊಂದರದು ಆಗಿದ್ದರೆ ಸಂಖ್ಯೆಗಳು ತಾಳೆಯಾಗುವುದಿಲ್ಲ. ಅವರದೇ ‘ಮೈಕ್ರೊಕಾಸ್ಮಾಸ್’ನ 153 ಕೃತಿಗಳನ್ನು ಯೆನೊ ಯಾಂಡೊ ನಾಕ್ಸೋಸ್ ಸಂಸ್ಥೆಗೆ ನುಡಿಸಿದ್ದಾರೆ. ಬಾರ್ಟೋಕ್ ಸ್ವತಃ 1940ರಲ್ಲಿ ಆಯ್ದ ಕೆಲವನ್ನು ರೆಕಾರ್ಡ್ ಮಾಡಿದರಾದರೂ ಅವು ಬಹುಪಾಲು ಮುಂದಿನ, ಕಠಿಣವಾದ ಸಂಪುಟಗಳವು.

ಬುರ್ಗ್‌ಮ್ಯುಲರ್ ಅವರ ಓಪಸ್ 100ರ 25 ಅಭ್ಯಾಸ ಕೃತಿಗಳು, ಕ್ಲೆಮೆಂಟಿಯವರ ಓಪಸ್ 36ರ ಆರು ಸೊನಾಟಿನಾಗಳು ಯಾವ ಸಂಗೀತ ಸೇವೆಯಲ್ಲಿ ಹುಡುಕಿದರೂ ಸಿಗುತ್ತವೆ. ಬ್ರಿಟನ್ನಿನ ಎಬಿಆರ್‌ಎಸ್‌ಎಂ ಮುಂತಾದ ಸಂಗೀತ ಪರೀಕ್ಷಾ ಮಂಡಳಿಗಳು ತಮ್ಮ ಪಠ್ಯದ ಕೃತಿಗಳ ರೆಕಾರ್ಡಿಂಗ್ ಹೊರತರುತ್ತವೆ. ಉಚಿತವಾಗಿ ಬೇಕೆನ್ನುವವರಿಗೆ ಐಎಂಎಸ್‌ಎಲ್‌ಪಿ ಮತ್ತು ಮ್ಯೂಸೋಪೆನ್ ಎಂಬ ಜಾಲತಾಣಗಳಿವೆ. ಐಎಂಎಸ್‌ಎಲ್‌ಪಿಯಲ್ಲಿ ಅನೇಕ ಕೃತಿಗಳ ಸ್ವರಲಿಪಿಯೂ ರೆಕಾರ್ಡಿಂಗೂ ಒಂದೇ ಪುಟದಲ್ಲಿರುತ್ತವೆ, ಆದರೆ ವಾದನದ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಷೂಮಾನ್ ತೀರಿಕೊಂಡು ಎಷ್ಟೋ ಕಾಲವಾಯಿತಲ್ಲ, ಎಲ್ಲವೂ ಉಚಿತವೇ ಎಂದು ವಾದಿಸುವವರಿಗೆ ಒಂದು ಮಾತು: ರಚನೆಯ ಹಕ್ಕು ಮುಗಿದಿದ್ದರೂ ವಾದನದ ಹಕ್ಕು ಬೇರೆ, ಅದು ನುಡಿಸಿದವರದೋ ಸಂಸ್ಥೆಯದೋ ಆಗಿರುತ್ತದೆ.

ಎಲ್ಲಿ ಸಿಗುತ್ತದೆ ಎಂಬುದಕ್ಕೆ ಉತ್ತರ ಇಷ್ಟೇ. ನನಗೆ ಯಾರಾದರೂ ಕೇಳಲಿ ಎನಿಸುವ ಪ್ರಶ್ನೆ ಬೇರೆ: ಸಿಕ್ಕ ರೆಕಾರ್ಡಿಂಗನ್ನು ಯಾವಾಗ ಕೇಳಬೇಕು, ಅದರಲ್ಲಿ ಏನನ್ನು ಕೇಳಿಸಿಕೊಳ್ಳಬೇಕು?

ಹೊಸ ಕೃತಿಯನ್ನು ಆರಂಭಿಸುವ ಮೊದಲೇ ಹತ್ತಾರು ಸಲ ಕೇಳುವುದು ನನಗೆ ಒಪ್ಪಿಗೆಯಿಲ್ಲ. ರಾಗ ಕಿವಿಯಲ್ಲಿ ಕುಳಿತ ಮೇಲೆ ಕಣ್ಣು ಸ್ವರಲಿಪಿಯನ್ನು ಓದುವುದನ್ನು ನಿಲ್ಲಿಸುತ್ತದೆ, ಬೆರಳುಗಳು ನೆನಪಿನ ರಾಗವನ್ನು ತಡಕಾಡುತ್ತವೆ. ಮೊದಲ ಸಾಲುಗಳನ್ನು ನಿಧಾನವಾಗಿ ತಾವೇ ಓದಿ ನುಡಿಸಿ, ತಾಳ ಹೇಗಿರಬಹುದೆಂದು ಊಹಿಸಿಕೊಂಡು, ಆಮೇಲೆ ಕೇಳಬೇಕು. ಆಗ ಊಹೆಗೂ ವಾದನಕ್ಕೂ ಇರುವ ಅಂತರವೇ ಪಾಠವಾಗುತ್ತದೆ. ಇನ್ನೂ ನುಡಿಸಲಾಗದ, ಮುಂದಿನ ವರ್ಷಗಳ ಕೃತಿಗಳನ್ನಾದರೆ ಎಷ್ಟು ಬೇಕಾದರೂ ಕೇಳಲಿ.

ಕೇಳುವಾಗ ಗಮನ ಎಡಗೈಗೆ ಹೋಗಬೇಕು. ಷೂಮಾನ್ ಆಲ್ಬಮ್‌ನ ಮೊದಲ ಕೃತಿ ‘ಮೆಲಡಿ’ಯಲ್ಲಿ ಬಲಗೈಯ ರಾಗ ಯಾರಿಗಾದರೂ ಕೇಳಿಸುತ್ತದೆ. ಅದರ ಕೆಳಗೆ ಎಡಗೈ ಎಡೆಬಿಡದೆ ನಡೆಯುತ್ತಿದ್ದರೂ ಒಮ್ಮೆಯೂ ರಾಗದ ಮೇಲೆ ಏರಿಬರದಂತೆ ವಾದಕರು ಹೇಗೆ ಹಿಡಿದಿಟ್ಟಿದ್ದಾರೆ ಎಂಬುದನ್ನು ಕಲಿಯುವವರು ತಾವಾಗಿ ಗಮನಿಸುವುದಿಲ್ಲ, ಹೇಳಿಕೊಡಬೇಕಾಗುತ್ತದೆ. ವಾಕ್ಯ ಎಲ್ಲಿ ಮುಗಿಯುತ್ತದೆ, ಅಲ್ಲಿ ಕೈ ಎಷ್ಟು ಹಗುರಾಗುತ್ತದೆ, ಪೆಡಲ್ ಯಾವಾಗ ಬಿಡುತ್ತಾರೆ ಎಂಬುದನ್ನೂ ಹೀಗೆಯೇ ಒಂದೊಂದಾಗಿ ಕೇಳಬೇಕು. ವೇಗ ತಗ್ಗಿಸಿ ಕೇಳುವ ಸೌಲಭ್ಯ ಈಗ ಎಲ್ಲೆಡೆ ಇದೆ. ಸ್ವರ ಯಾವುದೆಂದು ತಿಳಿಯಲು ಅದು ಸಾಕು, ಆದರೆ ತಂತಿಯ ನಾದ ಸಹಜವಾಗಿ ಕರಗುವ ರೀತಿಯನ್ನೇ ಅದು ಎಳೆದು ಹಿಗ್ಗಿಸುವುದರಿಂದ ನಾದವನ್ನು ಕಲಿಯಲು ಅದನ್ನು ನಂಬಬಾರದು.

ಒಂದೇ ಕೃತಿಯ ಎರಡು ವಾದನಗಳನ್ನಾದರೂ ಕೇಳಿ ಎಂದು ನಾನು ಒತ್ತಾಯಿಸುವುದೂ ಇದಕ್ಕಾಗಿಯೇ. ಒಂದನ್ನೇ ಕೇಳಿದ ಮಗು ಅದನ್ನು ನಕಲು ಮಾಡುತ್ತದೆ, ಎರಡನ್ನು ಕೇಳಿದ ಮಗು ಯಾವುದು ಸರಿ ಎಂದು ಕೇಳುತ್ತದೆ. ಆ ಮಗುವಿನೊಡನೆ ನಾನು ಪಾಠದ ಹೊತ್ತು ಮೀರಿದರೂ ಮಾತನಾಡಬಲ್ಲೆ. ದೊಡ್ಡವರೂ ಇನ್ನು ಮುಂದೆ ನನಗೆ ಬರೆಯುವಾಗ ಪುಸ್ತಕದ ಹೆಸರು, ಓಪಸ್ ಸಂಖ್ಯೆ, ಕೇಳಿದ ಎರಡು ವಾದನಗಳು, ಅವು ಯಾವ ಸಾಲಿನಲ್ಲಿ ಬೇರೆಯಾಗುತ್ತವೆ ಎಂಬುದನ್ನು ಬರೆದು ಕಳಿಸಿ. ಪುಸ್ತಕ ತೆರೆದು, ಎರಡನ್ನೂ ಕೇಳಿ ಉತ್ತರಿಸುತ್ತೇನೆ.