ಮೂರು ಕಾಲಮ್ಮಿನ ನೋಟ್‌ಬುಕ್ಕು

2025 ಅಕ್ಟೋಬರ್ 10, ಶುಕ್ರವಾರ
ಮಾನಸಗಂಗೋತ್ರಿ, ಮೈಸೂರು

ದಸರೆಯ ಜನಸಂದಣಿ ಕರಗಿ ಒಂದು ವಾರವಾಯಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಗೆ ಬರುವ ಹಿರಿಯರ ನಡುವೆ ಈಗ ಬೆನ್ನಿಗೆ ಬ್ಯಾಗು ಏರಿಸಿಕೊಂಡ ಹೊಸ ಮುಖಗಳು ಕಾಣತೊಡಗಿವೆ. ಎಂ.ಎ. ಮೊದಲ ಸೆಮಿಸ್ಟರಿಗೆ ಸೇರಿದ ಮಕ್ಕಳವು. ಅವರಲ್ಲಿ ಕೆಲವರ ಮಾರ್ಗದರ್ಶನದ ಹೊಣೆ ಈ ವರ್ಷ ನನ್ನ ಪಾಲಿಗೆ ಬಂದಿದೆ.

ಇವತ್ತು ಸಂಜೆ ನಾಲ್ಕೂವರೆಗೆ ಅವರಲ್ಲೊಬ್ಬಳು ಬಂದು ನನ್ನ ಕೊಠಡಿಯ ಹೊಸ್ತಿಲಲ್ಲಿ ನಿಂತಳು. ಹನೂರಿನ ಕಡೆಯ ಹಳ್ಳಿಯವಳು. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಅರ್ಥಶಾಸ್ತ್ರಕ್ಕೆ ಸೇರಿದವಳು. ಅವರ ಮನೆಯಲ್ಲಿ ಪದವಿ ಪಡೆದವರಲ್ಲಿ ಮೊದಲಿಗಳು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಬೋರ್ಡಿನ ಮೇಲಿನದನ್ನೆಲ್ಲ ತಪ್ಪದೆ ಬರೆದುಕೊಳ್ಳುತ್ತಿದ್ದ ಈ ಹುಡುಗಿ ಇದುವರೆಗೆ ಒಂದೇ ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಒಳಗೆ ಬಂದು ಕುಳಿತವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೇಡಂ, ನನಗೆ ಇದು ಆಗುವುದಿಲ್ಲ, ಊರಿಗೆ ಹೋಗಿಬಿಡುತ್ತೇನೆ’ ಎಂದಳು. ಯಾವುದು ಆಗುವುದಿಲ್ಲ ಎಂದು ಕೇಳಿದರೆ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು. ಪುಟದ ತುಂಬ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದಳು. ‘ಮಾರ್ಜಿನಲ್ ಯುಟಿಲಿಟಿ’ ಎಂಬುದರ ಕೆಳಗೆ ಎರಡು ಗೆರೆ ಎಳೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಸೀಮಾಂತ ತುಷ್ಟಿಗುಣ ಎಂದರೇನು, ಹೇಳು ಎಂದೆ. ಅವಳ ಮುಖವೇ ಬದಲಾಯಿತು. ‘ಹೊಲದಲ್ಲಿ ದುಡಿದು ಹಸಿದು ಬಂದವರಿಗೆ ಮೊದಲನೇ ಮುದ್ದೆ ಇಳಿದ ಹಾಗೆ ಎರಡನೆಯದು ಇಳಿಯುವುದಿಲ್ಲ ಮೇಡಂ. ಮೂರನೆಯದನ್ನು ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಾರೆ’ ಎಂದು ಒಂದೇ ಉಸಿರಿಗೆ ಹೇಳಿದಳು. ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮವನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ತರಗತಿಯಲ್ಲೂ ಹೇಳಿಲ್ಲ. ನೀನು ಗೆರೆ ಎಳೆದುಕೊಂಡ ಪದದ ಅರ್ಥ ಇದೇ ಎಂದಾಗ ಅವಳು ಬಹಳ ಹೊತ್ತು ಆ ಪುಟವನ್ನೇ ನೋಡುತ್ತಿದ್ದಳು. ವಿಷಯ ಗೊತ್ತಿದ್ದೂ ತನಗೇನೂ ಗೊತ್ತಿಲ್ಲವೆಂದು ತಿಳಿದು, ಹಾಸ್ಟೆಲಿನ ಕೋಣೆಯಲ್ಲಿ ಅಷ್ಟು ದಿನ ಒಬ್ಬಳೇ ಕೊರಗಿದ್ದಾಳೆ.

ಅವಳ ನೋಟ್‌ಬುಕ್ಕಿನ ಹೊಸ ಪುಟವನ್ನು ಮೂರು ಕಾಲಮ್ಮುಗಳಾಗಿ ವಿಂಗಡಿಸಿದೆವು: ಮೊದಲನೆಯದರಲ್ಲಿ ತರಗತಿಯಲ್ಲಿ ಕೇಳಿದ ಇಂಗ್ಲಿಷ್ ಪದ, ಎರಡನೆಯದರಲ್ಲಿ ಬಿ.ಎ.ಯಲ್ಲಿ ಓದಿದ ಕನ್ನಡ ಪದ, ಮೂರನೆಯದರಲ್ಲಿ ಅವಳದೇ ಮಾತಿನಲ್ಲಿ ಒಂದು ಉದಾಹರಣೆ. ಎರಡನೆಯ ಕಾಲಮ್ಮು ಖಾಲಿ ಉಳಿದಾಗ ಏನು ಮಾಡಬೇಕೆಂದು ಕೇಳಿದಳು. ಈ ಆವರಣದಲ್ಲೇ, ಹುಣಸೂರು ರಸ್ತೆಯ ಬದಿಗೆ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವಿದೆ. ಅದು 2016ರಿಂದ ನಡೆಸುತ್ತಿರುವ ‘ಭಾರತವಾಣಿ’ ಜಾಲತಾಣದಲ್ಲಿ ನಿಘಂಟುಗಳೂ ಪದಕೋಶಗಳೂ ಉಚಿತವಾಗಿ ಸಿಗುತ್ತವೆ. ಅದನ್ನು ಅವಳ ಮೊಬೈಲಿನಲ್ಲಿ ತೆರೆದು ತೋರಿಸಿದೆ. ದಿನವೂ ಆ ಸಂಸ್ಥಾನದ ಮುಂದೆ ಹಾದುಹೋಗುವವಳಿಗೆ ಅಲ್ಲಿಂದ ತನಗೆ ದೊರೆಯುವುದು ಏನಾದರೂ ಇದೆಯೆಂಬ ಕಲ್ಪನೆಯೇ ಇರಲಿಲ್ಲ. ಯಾರೂ ಹೇಳದಿದ್ದರೆ ಹೇಗೆ ಬರಬೇಕು?

ಗಣಿತದ ಕಥೆ ಬೇರೆ. ಎಸ್ಸೆಸ್ಸೆಲ್ಸಿಯ ನಂತರ ಗಣಿತವನ್ನು ಕೈಬಿಟ್ಟು ಕಲಾ ವಿಭಾಗದಲ್ಲಿ ಓದಿಬಂದವರಿಗೆ ಮೊದಲ ಸೆಮಿಸ್ಟರಿನಲ್ಲೇ ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್, ಎದುರಾಗುತ್ತದೆ. ನಿಘಂಟಿನಿಂದ ಇದನ್ನು ದಾಟಲಾಗುವುದಿಲ್ಲ, ಕೂರಿಸಿಕೊಂಡು ಕಲಿಸಬೇಕು. ಎರಡನೆಯ ವರ್ಷದ ಇಬ್ಬರು ವಿದ್ಯಾರ್ಥಿಗಳು ವಾರಕ್ಕೊಮ್ಮೆ ಸೇತುಬಂಧದ ಪಾಠ ಹೇಳಿಕೊಡಲು ತಾವಾಗಿ ಮುಂದೆ ಬಂದಿದ್ದಾರೆ. ಮೇಷ್ಟರು ಹೇಳುವುದಕ್ಕಿಂತ ಹೋದ ವರ್ಷವಷ್ಟೇ ಇದೇ ಲೆಕ್ಕದ ಮುಂದೆ ಬೆವತವರು ಹೇಳಿದಾಗ ಮಕ್ಕಳು ಧೈರ್ಯವಾಗಿ ಕೇಳುತ್ತಾರೆ ಎಂಬುದನ್ನು ನಾನು ವರ್ಷಗಳಿಂದ ನೋಡಿದ್ದೇನೆ. ಆದ್ದರಿಂದ ಆ ಪಾಠ ನಡೆಯುವಾಗ ನಾನು ಬೇಕೆಂದೇ ಒಳಗೆ ಕೂರುವುದಿಲ್ಲ.

ಮಾತಿನ ನಡುವೆ ವಿದ್ಯಾರ್ಥಿವೇತನದ ವಿಚಾರ ಬಂತು. ಬಿ.ಎ.ಯ ಕೊನೆಯ ವರ್ಷದ ಹಣ ಬಂದಿಲ್ಲ, ಅರ್ಜಿ ತಿರಸ್ಕೃತವಾಗಿರಬೇಕು ಎಂದಳು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಲ್ಲರೂ ಎಸ್‌ಎಸ್‌ಪಿ ಎನ್ನುವುದರಲ್ಲಿ, ಅವಳ ಖಾತೆ ತೆರೆದು ನೋಡಿದರೆ ಅರ್ಜಿ ಮಂಜೂರಾಗಿಯೇ ಇತ್ತು. ತೊಡಕು ಇದ್ದದ್ದು ಬ್ಯಾಂಕಿನಲ್ಲಿ. ಈ ಹಣ ಅರ್ಜಿಯಲ್ಲಿ ಬರೆದ ಖಾತೆ ಸಂಖ್ಯೆಗೆ ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ಒಂದು ಆಧಾರ್ ಒಂದು ಕಾಲಕ್ಕೆ ಒಂದೇ ಬ್ಯಾಂಕಿಗೆ ಜೋಡಣೆಯಾಗಿರುತ್ತದೆ. ಇವಳದು ಎಂಟನೇ ತರಗತಿಯಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆದು, ವರ್ಷಗಳಿಂದ ವ್ಯವಹಾರವಿಲ್ಲದೆ ನಿಂತುಹೋದ ಖಾತೆಗೆ ಇನ್ನೂ ಜೋಡಣೆಯಾಗಿತ್ತು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿಯನ್ನು ಎರಡು ನಿಮಿಷದಲ್ಲಿ ನೋಡಬಹುದು. ಅದನ್ನು ನೋಡಬೇಕೆಂದು ಅವಳಿಗೆ ಒಂದು ವರ್ಷದಿಂದ ಯಾರೂ ಹೇಳಿರಲಿಲ್ಲ.

ಈ ವರ್ಷದ ಅರ್ಜಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಅವಳಲ್ಲಿವೆ. ಅವುಗಳ ಮೇಲಿರುವ, ಆರ್‌ಡಿ ಎಂದು ಶುರುವಾಗುವ ನಾಡಕಚೇರಿಯ ಸಂಖ್ಯೆಯನ್ನು ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಬರೆಸಿದೆ. ದಾಖಲೆಗಳ ಇ-ದೃಢೀಕರಣಕ್ಕೆ ಕೊನೆಯ ದಿನದವರೆಗೆ ಕಾಯಬಾರದು, ಕಾದವರು ಸರದಿಯಲ್ಲಿ ಉಳಿದುಬಿಡುತ್ತಾರೆ ಎಂದೂ ಹೇಳಿದೆ. ಅವಳ ತರಗತಿಯ ಇಬ್ಬರು ಹುಡುಗರಿಗೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿಲ್ಲ, ಊಟ ಮತ್ತು ವಸತಿಗೆ ನೆರವು ಕೊಡುವ ‘ವಿದ್ಯಾಸಿರಿ’ಯ ಹೆಸರನ್ನೂ ಅವರು ಕೇಳಿಲ್ಲ ಎಂದು ಅವಳಿಂದಲೇ ತಿಳಿಯಿತು. ನಂಜನಗೂಡಿನ ಕಡೆಯಿಂದ ದಿನವೂ ಓಡಾಡುವ ಹುಡುಗಿಯರು ಮಾತ್ರ 2023ರ ಜೂನ್‌ನಿಂದ ಬಸ್ಸಿನ ಖರ್ಚಿಲ್ಲದೆ ಬರುತ್ತಿದ್ದಾರೆ. ಆ ‘ಶಕ್ತಿ’ ಯೋಜನೆ ಅರ್ಜಿಯನ್ನೇ ಕೇಳುವುದಿಲ್ಲ, ಗುರುತಿನ ಚೀಟಿ ಹಿಡಿದು ಬಸ್ಸು ಹತ್ತಿದರಾಯಿತು. ಅದಕ್ಕೇ ಅದು ಎಲ್ಲರಿಗೂ ತಲುಪಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ.

ಇದನ್ನು ಬರೆಯುವಾಗ ನನ್ನ ವಿದ್ಯಾರ್ಥಿ ದಿನಗಳ ಒಂದು ಮಧ್ಯಾಹ್ನ ನೆನಪಾಗುತ್ತಿದೆ. ಕೈಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಒಂದು ಕಚೇರಿಯ ಕಿಟಕಿಯ ಮುಂದೆ ನಿಂತಿದ್ದೆ. ಒಳಗಿದ್ದವರು ತಲೆಯೆತ್ತದೆ, ‘ಓದಲು ಬರುವುದಿಲ್ಲವೇ? ಬೋರ್ಡಿನಲ್ಲಿ ಹಾಕಿದ್ದೇವಲ್ಲ’ ಎಂದರು. ಬೋರ್ಡು ಎಲ್ಲಿದೆ ಎಂದು ಕೇಳಲು ಬಾಯಿ ಬರಲಿಲ್ಲ. ಮರಳಿ ಬಂದೆ. ಆ ವರ್ಷದ ಹಣ ಹೋಯಿತು. ಅಪ್ಪ ಒಂದು ಹಸು ಮಾರಿ ನನ್ನ ಮೆಸ್ಸಿನ ಬಿಲ್ಲು ಕಟ್ಟಿದರು. ಅವರು ಒಂದು ಮಾತೂ ಆಡಲಿಲ್ಲ. ಆದ್ದರಿಂದಲೇ ನಾನು ನನ್ನ ಮಕ್ಕಳಿಗೆ ಇಂಥಲ್ಲಿ ಹೋಗಿ ಕೇಳಿ ಎಂದು ಹೇಳಿ ಸುಮ್ಮನಾಗುವುದಿಲ್ಲ. ಮೊದಲ ಸಲ ಜೊತೆಗೇ ಹೋಗುತ್ತೇನೆ. ಸೌಲಭ್ಯಗಳ ಪಟ್ಟಿಯನ್ನು ಮೊದಲ ದಿನವೇ ಎಲ್ಲರ ಕೈಗೆ ಕೊಡುತ್ತೇವೆ. ಹೊಸ ವಿದ್ಯಾರ್ಥಿಗಳಿಗೆ ಪರಿಚಯ ಕಾರ್ಯಕ್ರಮ ನಡೆಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗವು 2019ರಲ್ಲೇ ‘ದೀಕ್ಷಾರಂಭ’ ಎಂಬ ಹೆಸರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ಕೇಳುವುದು ಅಭಿಮಾನ ಬಿಟ್ಟಂತೆ ಎಂದು ತಿಳಿದು ಬೆಳೆದ ಮಗುವಿಗೆ ಪಟ್ಟಿಯೊಂದೇ ಸಾಲದು. ಕಿಟಕಿಯ ಮುಂದೆ ತನ್ನ ಪಕ್ಕದಲ್ಲಿ ಒಬ್ಬರು ನಿಂತಿದ್ದಾರೆ ಎಂಬ ಭರವಸೆ ಮೊದಲ ಒಂದು ತಿಂಗಳಾದರೂ ಅದಕ್ಕೆ ಬೇಕು.

ಐದು ಗಂಟೆಗೆ ಅವಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಸೆಮಿನಾರಿಗೆ ರಾಗಿಯ ಬೆಂಬಲ ಬೆಲೆಯನ್ನು ವಿಷಯವಾಗಿ ಆರಿಸಿಕೊಂಡಿದ್ದಳು. ಅಂತರ್ಜಾಲದಲ್ಲಿ ಒಳ್ಳೆಯ ಲೇಖನವೊಂದು ಕಣ್ಣಿಗೆ ಬಿದ್ದು, ಓದಲು ಡಾಲರುಗಳಲ್ಲಿ ಹಣ ಕೇಳಿದ್ದರಿಂದ ಬಿಟ್ಟುಬಿಟ್ಟಿದ್ದಳಂತೆ. ಈ ವರ್ಷದ ಜನವರಿ 1ರಿಂದ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಜಾರಿಗೆ ಬಂದಿದೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ತೆಗೆದಿರಿಸಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ತೆರೆದಿರುವ ಈ ವ್ಯವಸ್ಥೆಯನ್ನು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನೋಡಿಕೊಳ್ಳುತ್ತದೆ. ಗ್ರಂಥಾಲಯದ ಸಿಬ್ಬಂದಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹುಡುಕುವ ವಿಧಾನವನ್ನು ಬೇಸರವಿಲ್ಲದೆ ತೋರಿಸಿಕೊಟ್ಟರು. ಬಿಟ್ಟುಬಿಟ್ಟಿದ್ದ ಅದೇ ಲೇಖನ ತೆರೆದುಕೊಂಡಾಗ ಅವಳು, ‘ಇದು ನಮಗೂ ಕೊಡುತ್ತಾರಾ ಮೇಡಂ?’ ಎಂದು ಕೇಳಿದಳು. ಆ ‘ನಮಗೂ’ ಎಂಬ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನಿಮಗೆಂದೇ ಕೊಂಡಿದ್ದಾರೆ ಎಂದೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೂ ಅಲ್ಲಿಯೇ ಹೆಸರು ನೋಂದಾಯಿಸಿಕೊಂಡಳು.

ಪಕ್ಕದ ಮೇಜಿನಲ್ಲಿ ಅವಳ ಸಹಪಾಠಿಯೊಬ್ಬ ಇಯರ್‌ಫೋನ್ ಹಾಕಿಕೊಂಡು ಲ್ಯಾಪ್‌ಟಾಪಿಗೆ ಕಿವಿಗೊಟ್ಟು ಕುಳಿತಿದ್ದ. ಅವನಿಗೆ ದೃಷ್ಟಿ ತೀರ ಮಂದ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಕನ್ನಡವನ್ನೂ ಇಂಗ್ಲಿಷನ್ನೂ ಅವನಿಗೆ ಓದಿ ಹೇಳುತ್ತದೆ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನು ಪಡೆಯುವುದೂ, ಗಂಟೆಗೆ ಕನಿಷ್ಠ 20 ನಿಮಿಷದಂತೆ ಹೆಚ್ಚಿನ ಸಮಯ ಪಡೆಯುವುದೂ ತನ್ನ ಹಕ್ಕು ಎಂದು ಅವನಿಗೆ ಚೆನ್ನಾಗಿ ಗೊತ್ತಿದೆ. ಅರ್ಜಿಯನ್ನು ಸೇರಿದ ವಾರವೇ ಕೊಟ್ಟಿದ್ದಾನೆ. ಕೇಳುವುದನ್ನು ಅವನಿಂದ ನಾವೆಲ್ಲ ಕಲಿಯಬೇಕು ಎಂದು ಅವಳಿಗೆ ಹೇಳಿದಾಗ ಅವನೇ ನಕ್ಕ.

ಮರಳಿ ಬರುವ ದಾರಿಯಲ್ಲಿ ಅವಳ ಪ್ರಶ್ನೆಗಳು ನಿಲ್ಲಲೇ ಇಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆಯಲ್ಲಿ ಜನವರಿಯ ಸೆಮಿಸ್ಟರಿಗೆ ಕಲನಶಾಸ್ತ್ರ ಅಥವಾ ಸಂಖ್ಯಾಶಾಸ್ತ್ರದ ಒಂದು ಕೋರ್ಸು ಹಿಡಿಯಬಹುದು. ಪಾಠ ಕೇಳುವುದಕ್ಕೆ ಹಣವಿಲ್ಲ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಅನುದಾನ ಆಯೋಗದ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳ ಕ್ರೆಡಿಟ್‌ಗಳನ್ನು ಅಲ್ಲಿಂದ ತರಲು ಅವಕಾಶವಿದೆಯಾದರೂ, ಯಾವ ಕೋರ್ಸನ್ನು ಒಪ್ಪುತ್ತಾರೆ ಎಂಬುದನ್ನು ವಿಭಾಗದಲ್ಲಿ ಮೊದಲೇ ಕೇಳಿಕೊಂಡು ಸೇರಬೇಕು. ಮುಂದೆ ಸಂಶೋಧನೆ ಮಾಡುವ ಆಸೆಯಿದ್ದರೆ ಬೆಂಗಳೂರಿನ ನಾಗರಭಾವಿಯಲ್ಲಿ ವಿ.ಕೆ.ಆರ್.ವಿ. ರಾವ್ ಅವರು 1972ರಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಇದೆ. ಕಾಲೇಜು ಅಧ್ಯಾಪಕರಾಗುವ ಅರ್ಹತೆಗೆ ರಾಜ್ಯದಲ್ಲಿ ನಡೆಯುವ ಕೆ-ಸೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ ಎಂದಾಗ ಅವಳು ನಡೆಯುವುದನ್ನು ನಿಲ್ಲಿಸಿ ಅದನ್ನು ಬರೆದುಕೊಂಡಳು. ಅವಳ ಕೋಣೆಯ ಗೆಳತಿ ಪ್ರಾಣಿಶಾಸ್ತ್ರ ಓದುತ್ತಾಳಂತೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ಪಿನ ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿದುಹೋಗುತ್ತದೆ, ಎರಡು ತಿಂಗಳು ಒಳ್ಳೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಕಾಶವದು, ಶಿಫಾರಸು ಪತ್ರಕ್ಕೆ ಈಗಲೇ ತನ್ನ ಅಧ್ಯಾಪಕರನ್ನು ಕಾಣಲಿ ಎಂದು ಹೇಳಿ ಕಳುಹಿಸಿದೆ.

ಇನ್ನೊಂದು ಮಾತನ್ನು ಹಾಸ್ಟೆಲಿನ ಗೇಟಿನ ಬಳಿ ನಿಂತು ಹೇಳಿದೆ. ಇವತ್ತು ವಿಶ್ವ ಮಾನಸಿಕ ಆರೋಗ್ಯ ದಿನ. 2022ರ ಇದೇ ದಿನ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ನೇತೃತ್ವದ ‘ಟೆಲಿ-ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಅದಕ್ಕೂ ಹಣವಿಲ್ಲ. ಊರಿಗೆ ಹೋಗಿಬಿಡಬೇಕು ಎಂದು ರಾತ್ರಿ ಹೊತ್ತು ಮತ್ತೆ ಅನ್ನಿಸಿದರೆ ಆ ಸಂಖ್ಯೆಗೆ ಕರೆ ಮಾಡು, ಬೆಳಗಾದ ಮೇಲೆ ನನಗೆ ಮಾಡು ಎಂದೆ. ಅವಳು ಸಂಖ್ಯೆಯನ್ನು ಮೊಬೈಲಿನಲ್ಲಿ ಉಳಿಸಿಕೊಂಡು, ಗೆಳತಿಗೂ ಕಳುಹಿಸಿದಳು.

ನಾಳೆ ಎರಡನೆಯ ಶನಿವಾರ, ಬ್ಯಾಂಕಿಗೆ ರಜೆ. ಸೋಮವಾರ ಬೆಳಿಗ್ಗೆ ಬ್ಯಾಂಕು ತೆರೆಯುವ ಹೊತ್ತಿಗೆ ನಾವಿಬ್ಬರೂ ಹೋಗಿ ಆಧಾರ್ ಜೋಡಣೆಯನ್ನು ಈಗಿನ ಖಾತೆಗೆ ಬದಲಾಯಿಸಲು ಅರ್ಜಿ ಕೊಡಬೇಕು; ವಿದ್ಯಾಸಿರಿಯ ಹೆಸರು ಕೇಳದ ಆ ಇಬ್ಬರು ಹುಡುಗರನ್ನೂ ಅವಳೇ ಜೊತೆಗೆ ಕರೆತರುತ್ತಾಳಂತೆ. ರಾತ್ರಿ ಒಂಬತ್ತಕ್ಕೆ ಅವಳಿಂದ ನೋಟ್‌ಬುಕ್ಕಿನ ಪುಟದ ಒಂದು ಚಿತ್ರ ಬಂತು. ಮೊದಲ ಕಾಲಮ್ಮಿನಲ್ಲಿ ‘ಎಲಾಸ್ಟಿಸಿಟಿ’, ಎರಡನೆಯದರಲ್ಲಿ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’, ಮೂರನೆಯದರಲ್ಲಿ ‘ಉಪ್ಪಿನ ಬೆಲೆ ಏರಿದರೂ ಅವ್ವ ಅಷ್ಟೇ ಉಪ್ಪು ತರುತ್ತಾಳೆ, ಮಲ್ಲಿಗೆಯ ಬೆಲೆ ಏರಿದರೆ ಮುಡಿಯುವುದಿಲ್ಲ’ ಎಂದಿತ್ತು.