ಅಮ್ಮನ ಜೋಳದ ಹರಿವಾಣ

ಹೋದ ವರ್ಷ ಚಳಿಗಾಲಕ್ಕೆ ಅಮ್ಮ ಬಂದಿದ್ದಳು. ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮೌಂಟ್ ಹೋರೆಬ್ ಹತ್ತಿರ. ಹಿತ್ತಿಲಿನಾಚೆ ಓಕ್ ಮರಗಳ ಕಾಡು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಆ ಹೊತ್ತಿಗೆ ಬಿಳಿಬಾಲದ ಜಿಂಕೆಗಳು ಕಾಡಿನಂಚಿಗೆ ಬಂದು ನಿಲ್ಲುತ್ತವೆ. ಸೊರಬದ ಮನೆಯಲ್ಲಿ ದನಕ್ಕೆ ಒಂದು ಹಿಡಿ ಹಾಕದೆ ಊಟಕ್ಕೆ ಕೂರದ ಅಮ್ಮ, "ಪಾಪ ಕಣೇ, ಈ ಹಿಮದಲ್ಲಿ ಏನು ತಿಂತಾವೆ?" ಎಂದಳು. ಮರುದಿನವೇ ಒಂದು ಮೂಟೆ ಜೋಳ ತಂದೆ. ಹಳೇ ಹರಿವಾಣವೊಂದನ್ನು ಹಿಮದ ಮೇಲಿಟ್ಟು ಅಮ್ಮ ದಿನಾ ಜೋಳ ಸುರಿದಳು. ಮೊದಲ ದಿನ ಮೂರು ಬಂದವು. ಎರಡು ವಾರ ಕಳೆಯುವಷ್ಟರಲ್ಲಿ ಹನ್ನೊಂದು, ಎಲ್ಲವೂ ಅದೇ ಹರಿವಾಣಕ್ಕೆ ಬಾಯಿ ಹಾಕುತ್ತಿದ್ದವು.

ಪಕ್ಕದ ಮನೆಯವರು ನಲವತ್ತು ವರ್ಷ ಡೈರಿ ನಡೆಸಿದವರು, ಪ್ರತಿ ನವೆಂಬರ್ ಬೇಟೆಗೆ ಹೋಗುವವರು. ಒಂದು ಸಂಜೆ ಬಂದು ಮೆಲ್ಲಗೆ ಹೇಳಿದರು: ಈ ಕೌಂಟಿಯಲ್ಲಿ ಜಿಂಕೆಗೆ ಮೇವು ಹಾಕುವುದು ಕಾನೂನಿಗೆ ವಿರುದ್ಧ, ಕಾರಣ ಸಿಡಬ್ಲ್ಯುಡಿ.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಅಂದರೆ ಪ್ರಾಣಿ ಸೊರಗಿ ಸೊರಗಿ ಸಾಯುವ ಕಾಯಿಲೆ. 1967ರಲ್ಲಿ ಕೊಲೊರಾಡೋದ ಸಂಶೋಧನಾ ಕೇಂದ್ರವೊಂದರ ಜಿಂಕೆಗಳಲ್ಲಿ ಮೊದಲು ಕಂಡಿತು. 1981ರಲ್ಲಿ ಅಲ್ಲಿನ ಕಾಡಿನಲ್ಲಿರುವ, ಜಿಂಕೆಯದೇ ಜಾತಿಯ ದೊಡ್ಡ ಪ್ರಾಣಿಯಾದ ಎಲ್ಕ್‌ನಲ್ಲೂ ಪತ್ತೆಯಾಯಿತು. ನಮ್ಮ ರಾಜ್ಯದಲ್ಲಿ ತಿಳಿದದ್ದು 2002ರ ಫೆಬ್ರವರಿಯಲ್ಲಿ. ಹಿಂದಿನ ನವೆಂಬರ್‌ನಲ್ಲಿ ಇದೇ ಮೌಂಟ್ ಹೋರೆಬ್ ಸುತ್ತಮುತ್ತ ಹೊಡೆದಿದ್ದ ಮೂರು ಜಿಂಕೆಗಳಲ್ಲಿ. ಇದು ಬ್ಯಾಕ್ಟೀರಿಯಾವೂ ಅಲ್ಲ, ವೈರಸ್ಸೂ ಅಲ್ಲ. ಪ್ರಿಯಾನ್ ಎಂಬ, ಮಡಿಕೆ ತಪ್ಪಿದ ಪ್ರೋಟೀನು. ಮಿದುಳಿನಲ್ಲಿ ಸರಿಯಿರುವ ಪ್ರೋಟೀನನ್ನೂ ತನ್ನಂತೆಯೇ ಮಾಡುತ್ತಾ ಹೋಗುತ್ತದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಜಿಂಕೆ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ, ಆಗಲೇ ಅದರ ಜೊಲ್ಲು, ಮೂತ್ರ, ಹಿಕ್ಕೆಗಳಲ್ಲಿ ಪ್ರಿಯಾನ್ ಹೊರಬೀಳುತ್ತಿರುತ್ತದೆ. ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಉಳಿಯುತ್ತದೆ. ಲಸಿಕೆಯಿಲ್ಲ, ಔಷಧಿಯಿಲ್ಲ. ತಗುಲಿದ ಪ್ರಾಣಿ ಉಳಿಯುವುದಿಲ್ಲ.

ಹನ್ನೊಂದು ಬಾಯಿ, ಒಂದು ಹರಿವಾಣ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಮ್ಮನಿಗೆ ಹೇಗೆ ಹೇಳುವುದೆಂದು ಅಳುಕಿದ್ದೆ. ಅವಳು ಪೂರ್ತಿ ಕೇಳಿ, "ನಮ್ಮ ಮಂಗನ ಕಾಯಿಲೆ ಥರ" ಎಂದಳು. ಕ್ಯಾಸನೂರು ಇರುವುದು ನಮ್ಮ ತಾಲೂಕಿನಲ್ಲೇ. 1957ರಲ್ಲಿ ಆ ರೋಗ ಮೊದಲು ಪತ್ತೆಯಾದದ್ದು ಅಲ್ಲಿನ ಕಾಡಿನಲ್ಲಿ, ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆಸ್ಪತ್ರೆಯವರಿಗೆ ತಿಳಿಸಬೇಕು ಎಂದು ಕೇಳುತ್ತಲೇ ಬೆಳೆದವರು ನಾವು. ಅದು ಉಣುಗಿನಿಂದ ಮನುಷ್ಯರಿಗೆ ಬರುತ್ತದೆ. ಇದು ಮನುಷ್ಯರಿಗೆ ಬಂದದ್ದು ಇದುವರೆಗೆ ದೃಢಪಟ್ಟಿಲ್ಲ. ಆದರೂ ರೋಗವಿದ್ದ ಮಾಂಸ ತಿನ್ನಬೇಡಿ ಎಂದೇ ಆರೋಗ್ಯ ಇಲಾಖೆ ಹೇಳುತ್ತದೆ, ಯಾಕೆಂದರೆ ಬೇಯಿಸಿದರೂ ಪ್ರಿಯಾನ್ ನಾಶವಾಗುವುದಿಲ್ಲ. ಅಮ್ಮ ಅವತ್ತೇ ಹರಿವಾಣ ಎತ್ತಿಟ್ಟಳು. ಮೂರ್ನಾಲ್ಕು ಸಂಜೆ ಜಿಂಕೆಗಳು ಬಂದು ಖಾಲಿ ಜಾಗ ಮೂಸಿ ಹೋದವು. ಅಮ್ಮ ಕಿಟಕಿಯ ಹತ್ತಿರ ಸುಳಿಯಲಿಲ್ಲ.

ವಯೋಮಿಂಗ್‌ನಲ್ಲಿ ಇದೇ ಸಂಕಟ ದೊಡ್ಡ ಪ್ರಮಾಣದಲ್ಲಿದೆ. ಜಾಕ್ಸನ್ನಿನ ಎಲ್ಕ್ ಆಶ್ರಯಧಾಮ 1912ರಲ್ಲಿ ಆದದ್ದೇ ಹಸಿವಿನಿಂದ ಸಾಯುತ್ತಿದ್ದ ಎಲ್ಕ್‌ಗಳನ್ನು ಉಳಿಸಲು. ಈಗ ಆ ರಾಜ್ಯದಲ್ಲಿ ಚಳಿಗಾಲಕ್ಕೆ ಎಲ್ಕ್ ಹಿಂಡುಗಳಿಗೆ ಮೇವು ಹಾಕುವ ತಾಣಗಳಿಗೂ ರೋಗ ಕಾಲಿಟ್ಟಿದೆ. ಮೇವು ನಿಲ್ಲಿಸಿದರೆ ಎಷ್ಟೋ ಎಲ್ಕ್ ಹಸಿವಿನಿಂದ ಸಾಯುತ್ತವೆ, ಹಾಕುತ್ತಲೇ ಹೋದರೆ ರೋಗ ಹಿಂಡಿಗೇ ಹಬ್ಬುತ್ತದೆ. ಸ್ವಲ್ಪಸ್ವಲ್ಪವಾಗಿ ನಿಲ್ಲಿಸಲೇಬೇಕು ಎಂದೇ ನನ್ನ ಅಭಿಪ್ರಾಯ, ಹೇಳಲು ಎಷ್ಟೇ ಕಷ್ಟವಾದರೂ. ನಾರ್ವೆಯಲ್ಲಿ 2016ರಲ್ಲಿ ಕಾಡಿನ ಹಿಮಸಾರಂಗದಲ್ಲಿ ಇದು ಕಂಡಾಗ, ರೋಗ ಹರಡದಿರಲೆಂದು ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಹಿಂಡನ್ನೇ ಕೊಂದರು. ತಡವಾದಷ್ಟೂ ತೆರಬೇಕಾದ ಬೆಲೆ ದೊಡ್ಡದು.

ಈ ನವೆಂಬರ್‌ನಲ್ಲಿ ಪಕ್ಕದ ಮನೆಯವರು ಗಂಡು ಜಿಂಕೆಯೊಂದನ್ನು ಹೊಡೆದರು. ತಲೆಯನ್ನು ಪರೀಕ್ಷೆಗೆ ಕೊಡಲು ಹೊರಟಾಗ ನಾನೂ ಜೊತೆಗೆ ಹೋದೆ. ರಸ್ತೆ ಬದಿಯಲ್ಲಿ ನೈಸರ್ಗಿಕ ಸಂಪನ್ಮೂಲ ಇಲಾಖೆಯವರಿಟ್ಟ ಪೆಟ್ಟಿಗೆ. ಹೊಡೆದ ಜಾಗ, ದಿನ ಬರೆದು, ಚೀಟಿ ಕಟ್ಟಿ, ತಲೆಯನ್ನು ಚೀಲದಲ್ಲಿಟ್ಟು ಅದರೊಳಗೆ ಹಾಕಬೇಕು. ಗಂಟಲ ಹತ್ತಿರದ ಗ್ರಂಥಿ ತೆಗೆದು ಪರೀಕ್ಷಿಸುತ್ತಾರೆ, ದುಡ್ಡು ಕೊಡಬೇಕಿಲ್ಲ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರಿನಲ್ಲಿ.

ಸೊರಬದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವುದು ಅದನ್ನೇ: "ಅವರ ಜಿಂಕೇದು ರಿಪೋರ್ಟ್ ಬಂತೇನೇ?"

ಇನ್ನೂ ಬಂದಿಲ್ಲ.